ಖಾಲಿ ಕುರ್ಚಿಗೆ ಬಂದ ಬಹುಮಾನ

“ನಲವತ್ತೇಳು!” ಎಂದು ನಾನು ವೇದಿಕೆಯ ಮೇಲಿಂದ ಮತ್ತೊಮ್ಮೆ ಕೂಗಿದೆ. ಯಾರೂ ಏಳಲಿಲ್ಲ. ಗೌರಿಬಿದನೂರಿನಲ್ಲಿ ನಮ್ಮ ಸಂಘದ ವಾರ್ಷಿಕ ನಾಟಕಕ್ಕೆ ಬಂದವರ ಪ್ರತಿ ಟಿಕೆಟ್ಟಿನ ಅರ್ಧವನ್ನು ಬಾಗಿಲಲ್ಲೇ ಹರಿದು ಡಬ್ಬಿಗೆ ಹಾಕಿ, ಅದರಲ್ಲೊಂದನ್ನು ಎತ್ತಿ ಬಹುಮಾನ ಕೊಡುವುದು ವಾಡಿಕೆ. ಹಾಜರಿದ್ದವರಿಗೆ ಮಾತ್ರ. ಆ ವರ್ಷದ್ದು ಒಂದು ಉಣ್ಣೆ ಶಾಲು.

ಕೊನೆಗೆ ಮುಂದಿನ ಸಾಲಿನಲ್ಲಿ ರಾಮಪ್ಪನವರು ಎದ್ದರು. ಪಕ್ಕದ ಕುರ್ಚಿಯ ಮೇಲೆ, ಜಾಗ ಹಿಡಿಯಲೆಂದು ಹಾಸಿದ್ದ ಅವರ ಟವೆಲ್ಲು. ಸೈನ್ಯ ಸೇರಿದ್ದ ಮಗನ ಸುದ್ದಿ ಚೀನಾ ಯುದ್ಧದ ನಂತರ ಬಂದೇ ಇರಲಿಲ್ಲ. ಆದರೂ ಅವರು ಪ್ರತಿವರ್ಷ ಎರಡು ಟಿಕೆಟ್ ಕೊಂಡು, ಎರಡರ ಅರ್ಧವನ್ನೂ ಡಬ್ಬಿಗೆ ಹಾಕಿಸುತ್ತಿದ್ದರು.

“ಇದು ನಮ್ಮ ಹುಡುಗಂದು ಕಣಪ್ಪ” ಎಂದರು.

“ನೀವೇ ತಗೊಳ್ಳಿ ಯಜಮಾನ್ರೇ” ಎಂದೆ.

“ಬಂದೋರಿಗೆ ತಾನೆ ಕೊಡೋದು? ಅವನು ಬಂದಿಲ್ಲ. ಇನ್ನೊಂದು ಚೀಟಿ ಎತ್ತು.”

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕುಳಿತರು. ನಾನು ಇನ್ನೊಂದು ಚೀಟಿ ಎತ್ತಿದೆ. ಶಾಲು ಯಾರ ಪಾಲಾಯಿತೋ ನೆನಪಿಲ್ಲ.

ಮರುವರ್ಷ ಬಾಗಿಲಲ್ಲಿ ನಾನೇ ಟಿಕೆಟ್ ಕೊಡುತ್ತಿದ್ದೆ. ರಾಮಪ್ಪನವರು ಕೇಳುವ ಮೊದಲೇ ಎರಡು ಹರಿದು ಕೊಟ್ಟೆ. ಒಂದನ್ನು ಮೆಲ್ಲಗೆ ನನ್ನ ಕೈಗೇ ವಾಪಸಿಟ್ಟು ಒಳಗೆ ಹೋದರು.