ಎ ಸೈಡಿನಲ್ಲಿ ಅಮೆರಿಕ

ಮೊನ್ನೆ ಟೀವಿಯಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳುವುದನ್ನು ನೋಡುತ್ತ ಕೂತಿದ್ದೆ. ಇರಾಕಿನ ಮೇಲೆ ಅಮೆರಿಕದ್ದು ಇದು ಎರಡನೆಯ ದಂಡಯಾತ್ರೆ. ನಾನು ನಿವೃತ್ತ ಸಮಾಜ ಮೇಷ್ಟ್ರು. ಪಾಠ ಕೇಳಲು ಮಕ್ಕಳಿಲ್ಲವಾದ್ದರಿಂದ ಟೀವಿಗೇ ಪಾಠ ಹೇಳುತ್ತೇನೆ. “ರೀ, ಅದಕ್ಕೇನು ಕೇಳಸಂಗಿಲ್ಲ. ಆ ಟ್ರಂಕಾದ್ರೂ ಇಳಿಸಿಕೊಡ್ರಿ” ಎಂದು ಹೆಂಡತಿ ಕೂಗಿದಳು. ಇಳಿಸಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಕೋಟಿನ ಕೆಳಗೆ ಒಂದು ಕ್ಯಾಸೆಟ್ಟು. ಮೇಲೆ ನನ್ನದೇ ದುಂಡಗಿನ ಅಕ್ಷರ: ‘ಕೊಲ್ಲಿ ಬಿಕ್ಕಟ್ಟು – ಒಂದು ವಿವೇಚನೆ’. ಹನ್ನೆರಡು ವರ್ಷದ ಹಿಂದೆ ಅದನ್ನು ನಾನೇ ಅಲ್ಲಿ ಹೂತಿಟ್ಟಿದ್ದೆ.

ಯಾರ ಕ್ಯಾಸೆಟ್ಟು ಎಂದು ಹೇಳಿಬಿಡುತ್ತೇನೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಖಾಸಿಂ ಸಾಬರದು. ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳಿಗೆಲ್ಲ ಅವರೇ ಡಾಕ್ಟರು. ಒಬ್ಬನೇ ಮಗ ಮಹಬೂಬ ಸೌದಿಯ ದಮ್ಮಾಮಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಓದುಬರಹ ಬಾರದ ಮನೆ, ಫೋನು ದುಬಾರಿ. ಹಾಗಾಗಿ ಕ್ಯಾಸೆಟ್ಟೇ ಕಾಗದ. ಎ ಸೈಡು ಇಲ್ಲಿಯವರದು. ಬಿ ಸೈಡು ಮಗನ ಉತ್ತರಕ್ಕೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಕೊಟ್ಟೂರಿನ ಕಡೆಯ ಯಾರಾದರೂ ರಜೆಗೆ ಬಂದು ಹೊರಟರೆ ಅವರ ಚೀಲದಲ್ಲಿ ಅದು ಸಮುದ್ರ ದಾಟುತ್ತಿತ್ತು. ಇನ್ನೊಂದು ರೂಢಿಯೂ ಇತ್ತು: ತಾಯಿಯ ಮಾತು ಕೊನೆಗೆ. ಅವಳು ಮಾತಾಡುವಾಗ ಗಂಡಸರೆಲ್ಲ ಎದ್ದು ಹೊರಗೆ ಹೋಗಬೇಕು. ಖಾಸಿಂ ಸಾಬರ ಹೆಂಡತಿ ಬೀಬಮ್ಮನ ತವರು ಇಟ್ಟಿಗಿ. ಮನೆಮಾತು ಉರ್ದುವಾದರೂ ಮಗನ ಮೇಲೆ ಅಕ್ಕರೆ ಉಕ್ಕಿದರೆ ಬರುತ್ತಿದ್ದುದು ಕನ್ನಡವೇ. ರೆಕಾರ್ಡ್ ಮಾಡುವ ಯಂತ್ರ ಮಾತ್ರ ನನ್ನದು.

ಇರಾಕು ಕುವೈತನ್ನು ನುಂಗಿದ ವರ್ಷ, ದೀಪಾವಳಿಯ ಆಸುಪಾಸು. ಖಾಸಿಂ ಸಾಬರು ನಮ್ಮ ಕಟ್ಟೆಗೆ ಬಂದು ಕೂತರು.

“ಮೇಷ್ಟ್ರೇ, ಊರಿಗೆ ಹೋಗೋರು ಹೋಗ್ರಿ ಅಂತ ಕಂಪನಿಯೋರು ಅಂದಾರಂತ. ಬರ್ಲಾ ಬ್ಯಾಡಾ ಅಂತ ಹುಡುಗ ಕೇಳ್ಯಾನ. ಅಮೆರಿಕದೋರು ಖರೇನ ಹೊಡಿತಾರೇನ್ರಿ?”

“ಹೊಡೆಯಂಗಿಲ್ಲ ಸಾಬ್ರೇ. ಬೇಕಾದ್ರ ಬರ್ಕೊಡ್ತೀನಿ.”

“ಹಂಗಾರ ಅದನ್ನ ನೀವ ಕ್ಯಾಸೆಟ್‌ನಾಗ ಹೇಳಿಬಿಡ್ರಿ. ನಿಮ್ಮ ಮಾತಂದ್ರ ಅವಗ ಧೈರ್ಯ.”

ಅಯ್ಯೋ, ನನ್ನಂಥವನಿಗೆ ಹೀಗೆಲ್ಲ ಹೇಳಬಾರದು ನೋಡಿ! ಅಂದು ಸಂಜೆ ಅವರ ಪಡಸಾಲೆಯಲ್ಲಿ ಖಾಸಿಂ ಸಾಬರು ಮೊದಲು ಐದು ನಿಮಿಷ ಮಾತಾಡಿದರು: ಆರಾಮಿದ್ದೇವೆ, ಹೊಸ ಮೋಟರು ಬಿಚ್ಚಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣು. ಆಮೇಲೆ ನಾನು ಗಂಟಲು ಸರಿಮಾಡಿಕೊಂಡೆ. ಫಿಲಿಪ್ಪೀನ್ಸಿನಿಂದ ಶುರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕ ಎಲ್ಲೆಲ್ಲಿ ಕಾಲಿಟ್ಟಿತು, ಯಾರನ್ನು ಇಳಿಸಿ ಯಾರನ್ನು ಕೂರಿಸಿತು, ಕೊರಿಯಾದಲ್ಲಿ ಏನಾಯಿತು, ಎಲ್ಲ ಹೇಳಿದೆ. ಗ್ರೆನಡಾ, ಪನಾಮಗಳು ಕೈಗೆ ಸಿಕ್ಕ ಬಾರೆಹಣ್ಣು, ಅವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದೆ. ವಿಯೆಟ್ನಾಮಿನಲ್ಲಿ ಕೈ ಸುಟ್ಟುಕೊಂಡವರು ಮತ್ತೆ ಒಲೆಗೆ ಕೈ ಇಡುವುದಿಲ್ಲ, ಇದೆಲ್ಲ ಬರೀ ಗದ್ದಲ, ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಮುಗಿಸಿದೆ. ಖಾಸಿಂ ಸಾಬರು ಪಕ್ಕದಲ್ಲೇ ಕೂತು ಕೇಳಿದರು. ಬೀಬಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ಕಾಯುತ್ತಿದ್ದರು. ಕೊನೆಗೆ ಯಂತ್ರವನ್ನು ಅವರ ಮುಂದಿಟ್ಟು ನಾವಿಬ್ಬರೂ ಒಗ್ಗರಣಿ ಮಿರ್ಚಿ ತಿನ್ನಲು ಹೋದೆವು. ತಿರುಗಿ ಬಂದಾಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. “ಎಲ್ಲಾ ಹೇಳಿದ್ನಿ, ಮುಗೀತ್ರಿ” ಎಂದರು. ನನ್ನ ವಿದ್ವತ್ತಿಗೆ ತಕ್ಕ ಹೆಸರು ಬೇಡವೆ? ಕ್ಯಾಸೆಟ್ಟಿನ ಮೇಲೆ ನಾನೇ ಬರೆದೆ.

ಜನವರಿಯಲ್ಲಿ ನಾಯಿ ಕಚ್ಚಿತು. ಪೇಪರಿನಲ್ಲಿ ದಮ್ಮಾಮಿನ ಕಡೆ ಇರಾಕಿನ ಕ್ಷಿಪಣಿ ಬಿದ್ದ ಸುದ್ದಿ ಬಂತು, ವಿಮಾನ ನಿಂತವು. ಬೀಬಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೆಳಗಾದರೆ ಬಂದು “ಪೇಪರಿನಾಗ ಏನು ಬಂದೈತ್ರಿ?” ಎನ್ನುತ್ತಿದ್ದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಯುದ್ಧ ಶುರುವಾಗಿ ಎರಡು ವಾರಕ್ಕೆ ಸತ್ತದ್ದು ಮಹಬೂಬನಲ್ಲ, ಖಾಸಿಂ ಸಾಬರು. ಶ್ವಾಸಕೋಶ ಪೂರಾ ಕೆಟ್ಟಿತ್ತಂತೆ. ಬಳ್ಳಾರಿಯ ಡಾಕ್ಟರು ದಸರೆಗೇ ಹೇಳಿದ್ದರಂತೆ. ಮಗನಿಗೆ ತಿಳಿಸಕೂಡದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದರಂತೆ. ಗೋಡೆಗೆ ಗೋಡೆ ಹತ್ತಿದ ಮನೆಯವನು ನಾನು; ಬಾಗ್ದಾದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಟೆಲಿಗ್ರಾಂ ಮಗನಿಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಗನ ಹಿಡಿ ಮಣ್ಣು ಬೀಳದೆ ಖಾಸಿಂ ಸಾಬರು ಮಣ್ಣಾದರು.

ಬೇಸಿಗೆಯಲ್ಲಿ ಮಹಬೂಬ ಬಂದ. ನಾನು ಮಾತಾಡಿಸಲು ಹೋದಾಗ ತಾಯಿಯ ಮುಂದೆ ಕೂತು ಅಳುತ್ತಿದ್ದ.

“ಯಾಕಮ್ಮಾ, ನನಗ ಯಾಕ ಹೇಳಲಿಲ್ಲ?”

“ಆಣೆ ಮುರದು ಹೇಳಿದ್ನೆಲ್ಲೋ! ನಿಮ್ಮಬ್ಬಾ ಉಳಿಯಂಗಿಲ್ಲ, ಇದ್ದದ್ದು ಬಿಟ್ಟು ಬಾ ಅಂತ ಕ್ಯಾಸೆಟ್‌ನಾಗ ಹೇಳಿದ್ನೆಲ್ಲೋ!”

ಮಹಬೂಬ ಚೀಲದಿಂದ ಕ್ಯಾಸೆಟ್ಟು ತೆಗೆದು, ದಮ್ಮಾಮಿನಿಂದ ತಂದ ಯಂತ್ರಕ್ಕೆ ಹಾಕಿ, ಟೇಪನ್ನು ಕೊನೆಯ ಭಾಗಕ್ಕೆ ಓಡಿಸಿದ. “ಮಗನಾ, ನಿಮ್ಮಬ್ಬಾಗ...” ಎಂದು ಬೀಬಮ್ಮನ ಧ್ವನಿ ಬಂತು. ಅಲ್ಲಿಗೆ ಟೇಪು ಮುಗಿದಿತ್ತು.

ನನ್ನ ಯಂತ್ರದ ಗುಂಡಿ ಟೇಪು ಮುಗಿದರೂ ಮೇಲೇಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ನಿಂತುಹೋದ ಯಂತ್ರದ ಮುಂದೆ ಕೂತು ಆ ತಾಯಿ ಎಲ್ಲ ಹೇಳಿಕೊಂಡಿದ್ದರು.

“ನಿಮ್ಮ ಮಾತು ಓಡಿಸಿಬಿಟ್ಟಿದ್ನಿ ಸಾರ್, ತಪ್ಪು ತಿಳೀಬ್ಯಾಡ್ರಿ,” ಎಂದ ಮಹಬೂಬ ಮೆಲ್ಲಗೆ. “ಅಬ್ಬಾ ಆರಾಮಿದೀನಿ ಅಂದಿದ್ದ. ಅಮ್ಮ ಬಾ ಅನ್ಲಿಲ್ಲ. ಅದಕ್ಕ ಉಳಕಂಡೆ.” ಕ್ಯಾಸೆಟ್ಟು ನನ್ನ ಕೈಗಿಟ್ಟು ಒಳಗೆ ಹೋದ. ನನ್ನ ಮಹಾ ವಿವೇಚನೆಯನ್ನು ಅವನು ಕೇಳಿಯೇ ಇರಲಿಲ್ಲ. ಅದು ಮಾಡಿದ ಒಂದೇ ಕೆಲಸವೆಂದರೆ ಜಾಗ ತಿಂದದ್ದು.

ವಿವೇಚನೆಯಾದರೂ ಸರಿಯಿತ್ತೆ? ಅದೂ ಇಲ್ಲ. ವಿಯೆಟ್ನಾಮಿನಲ್ಲಿ ಅಮೆರಿಕದವರು ಸುಟ್ಟುಕೊಂಡದ್ದು ಕೈ; ಉರಿದುಹೋದದ್ದು ಇನ್ನೊಬ್ಬರ ಮನೆ. ಕೈಗೆ ಮುಲಾಮು ಹಚ್ಚಿದರೆ ವಾಸಿಯಾಗುತ್ತದೆ. ಇಷ್ಟು ಸರಳ ಸಂಗತಿ ಇಪ್ಪತ್ತೈದು ವರ್ಷ ಪಾಠ ಮಾಡಿದ ನನಗೆ ಹೊಳೆಯಲಿಲ್ಲ. ಈಗಲೂ ಮಿರ್ಚಿ ಅಂಗಡಿಯಲ್ಲಿ “ಏನಾಗತೈತ್ರಿ ಮೇಷ್ಟ್ರೇ?” ಎಂದು ಕೇಳುತ್ತಾರೆ. ಹೇಳುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಮೊದಲು “ಅಲ್ಲಿ ನಿಮ್ಮೋರು ಯಾರದಾರ?” ಎಂದು ಕೇಳಿಕೊಳ್ಳುತ್ತೇನೆ.

ಮೊನ್ನೆ ಕ್ಯಾಸೆಟ್ಟನ್ನು ಮತ್ತೆ ಕೋಟಿನ ಕೆಳಗೆ ತುರುಕುತ್ತಿದ್ದೆ. ಹೆಂಡತಿ ನೋಡಿದಳು. “ಎಂಥಾ ಮನಷ್ಯಾರೀ ನೀವು! ಅದ್ರಾಗ ಖಾಸಿಂ ಸಾಬ್ರ ಧ್ವನಿ ಇಲ್ಲೇನ್ರಿ? ಬೀಬಮ್ಮನ ಹತ್ರ ಅವ್ರದೊಂದು ಸರಿಯಾದ ಫೋಟೋನೂ ಇಲ್ಲ.”

ಹನ್ನೆರಡು ವರ್ಷ ನಾಚಿಕೆಪಡುವಾಗಲೂ ಅದರಲ್ಲಿ ನನಗೆ ಕೇಳಿಸಿದ್ದು ನನ್ನ ಧ್ವನಿ ಮಾತ್ರ.

ಆ ಕ್ಷಣವೇ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದೆ. ಬೀಬಮ್ಮನಿಗೆ ವಯಸ್ಸಾಗಿದೆ, ಮಹಬೂಬ ಊರಲ್ಲೇ ಉಳಿದು ಮನೆಯ ಮುಂದೆ ಗ್ಯಾರೇಜು ಹಾಕಿದ್ದಾನೆ. ಅವನ ಯಂತ್ರಕ್ಕೆ ಕ್ಯಾಸೆಟ್ಟು ಹಾಕಿದೆ. “ಮಹಬೂಬಾ, ನಾವು ಆರಾಮಿದೀವಿ” ಎಂದು ಖಾಸಿಂ ಸಾಬರು ಪಡಸಾಲೆಗೆ ಬಂದರು. ಬೀಬಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಐದು ನಿಮಿಷ ಕಳೆದು ನನ್ನ ಧ್ವನಿ ಫಿಲಿಪ್ಪೀನ್ಸ್ ಎಂದು ಶುರುಮಾಡುತ್ತಲೇ ನಾಚಿ, ಆರಿಸಲು ಕೈ ಚಾಚಿದೆ.

“ಇರ್ಲಿ ಬಿಡ್ರಿ ಮೇಷ್ಟ್ರೇ,” ಎಂದರು ಬೀಬಮ್ಮ. “ನಡುನಡುವ ಅವ್ರು ಹೂಂಗುಡ್ತಾರ.”

ನಿಜ. ನನ್ನ ಒಂದೊಂದು ವಾಕ್ಯಕ್ಕೂ ಖಾಸಿಂ ಸಾಬರು ಹೂಂ ಎನ್ನುತ್ತಿದ್ದರು. ಕೊರಿಯಾ ದಾಟುವಾಗ ಕೆಮ್ಮಿದರು. ವಿಯೆಟ್ನಾಮಿಗೆ ಬರುವ ಹೊತ್ತಿಗೆ ಉಸಿರು ಸಿಗದಷ್ಟು ಕೆಮ್ಮಿದರು. ನಾನು ಟೇಪಿನೊಳಗೆ ಇನ್ನಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೆ.

ಮಹಬೂಬ ಗ್ಯಾರೇಜಿನಿಂದ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಕೇಳುತ್ತಲೇ ನಿಂತ.

“ಅಬ್ಬಾ ಆವಾಗ್ಲೇ ಕೆಮ್ಮತಿದ್ದಾ?” ಎಂದ.

ನಾನು “ಹೂಂ” ಎಂದೆ.