ಸುಂದರೇಶನ ರೆಕ್ಕೆ

ಸಿದ್ದಲಿಂಗಸ್ವಾಮಿಗೆ ಆ ವಿಮಾನ ಕಂಡರೆ ವಾಕರಿಕೆ ಬರುವಂತಾಗಿತ್ತು. ಥೂ, ಅದೂ ಒಂದು ವಿಮಾನವೇ! ಕಂಪ್ಯೂಟರಿನ ವಿಮಾನದಾಟದಲ್ಲಿ ಅದನ್ನು ತೆರೆದರೆ ಸಾಕು, ಪರದೆ ಒಂದು ಗಳಿಗೆ ಬೆಪ್ಪಾಗಿ ನಿಂತು, ಇಡೀ ಆಟವೇ ಮುಚ್ಚಿಕೊಳ್ಳುತ್ತಿತ್ತು. ಏಕೆಂದು ಒಂದಕ್ಷರ ಹೇಳುತ್ತಿರಲಿಲ್ಲ.

ಇದು 2004ರ ಮಾತು. ಕುಂಬಾರಕೊಪ್ಪಲಿನಲ್ಲಿ ಸಿದ್ದಲಿಂಗನದು ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ. ಹತ್ತಿರದ ಬನ್ನಿಮಂಟಪದ ಸುಂದರೇಶ ಅವನ ಹೈಸ್ಕೂಲಿನ ಗೆಳೆಯ. ಇಬ್ಬರೂ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಆದರೂ ಆಟದೊಳಗೆ ಹಾರಿಸಲು ತಮ್ಮದೇ ಒಂದು ವಿಮಾನ ಕಟ್ಟುವ ಹುಚ್ಚು ಹಿಡಿದಿತ್ತು. ಸಿದ್ದಲಿಂಗ ವಿಮಾನದ ಮೈ, ಚಕ್ರಗಳ ಚಿತ್ರ ಬಿಡಿಸಿದ. ಸುಂದರೇಶ ರೆಕ್ಕೆ ಬಿಡಿಸಿದ. ರೆಕ್ಕೆ ಜೋಡಿಸಿದ ದಿನ, ಮೊದಲ ಹಾರಾಟಕ್ಕೆ ಮುಂಚೆ, ಸಿದ್ದಲಿಂಗ ಮನೆದೇವರು ಮಹದೇಶ್ವರನ ಫೋಟೋ ಸ್ಕ್ಯಾನ್ ಮಾಡಿ ಪೈಲಟ್ ಸೀಟಿನ ಮುಂದೆ ಅಂಟಿಸಿದ. ಆಟಕ್ಕೆ ಹಾಕುವ ಚಿತ್ರಗಳನ್ನೆಲ್ಲ ಗೊತ್ತುಪಡಿಸಿದ ಅಳತೆಗೆ ಕತ್ತರಿಸಬೇಕೆಂದು ಅವನಿಗೆ ತಿಳಿದಿತ್ತು. ಆದರೆ ದೇವರಿಗೆ ಕತ್ತರಿ ಹಾಕುವುದುಂಟೇ? ಲಗ್ನಪತ್ರಿಕೆಯಲ್ಲೂ ಅಂಥ ಕೆಲಸ ಮಾಡಿದವನಲ್ಲ. ದೇವರ ವಾಹನ ಹುಲಿಯ ಬಾಲವೂ ಬಿಟ್ಟುಹೋಗದಂತೆ ಇಡಿಯಾಗಿ ಕೂರಿಸಿದ.

ಅವತ್ತೇ ಅಂಟಿಕೊಂಡಿತು ಈ ಪೀಡೆ.

"ನಿನ್ ರೆಕ್ಕೆದೇ ಕಿತಾಪತಿ ಕಣೋ," ಎಂದ ಸಿದ್ದಲಿಂಗ. ಸುಂದರೇಶ ಮತ್ತೆ ಬಿಡಿಸಿಕೊಟ್ಟ. ಅದೂ ಆಗಲಿಲ್ಲ. ಸಿದ್ದಲಿಂಗ ಚಕ್ರ ತೆಗೆದು ನೋಡಿದ, ಬಾಲ ತೆಗೆದು ನೋಡಿದ. ದೇವರನ್ನು ತೆಗೆಯುವುದು ಮಾತ್ರ ಹೊಳೆಯಲೇ ಇಲ್ಲ. ಕೊನೆಗೆ ಗೆಳೆಯನ ಎದುರಿಗೇ ಅವನ ರೆಕ್ಕೆ ಕಿತ್ತುಹಾಕಿ, ಇಂಟರ್‌ನೆಟ್ಟಿನಿಂದ ಯಾರದೋ ರೆಕ್ಕೆ ತಂದು ಜೋಡಿಸಿದ.

"ನಿನ್ ಕೈಗುಣನೇ ಸರಿ ಇಲ್ಲ. ಮುಟ್ಟಿದ್ದೆಲ್ಲ ಹಾಳ್ಮಾಡ್ಬುಡ್ತೀಯ."

ಸುಂದರೇಶ ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ. ಇತ್ತ ಹೊಸ ರೆಕ್ಕೆಗೂ ಆಟ ಮುಚ್ಚಿಕೊಂಡಿತು. ತಪ್ಪು ರೆಕ್ಕೆಯದಲ್ಲ ಎಂದು ಆಗಲೇ ಗೊತ್ತಾಯಿತು. ಹೋಗಿ ಹೇಳಲು ನಾಲಿಗೆ ಏಳಬೇಕಲ್ಲ, ದುರಹಂಕಾರಿಗೆ!

ಗೆಳೆಯನಿಲ್ಲದ ಮೇಲೆ ಆ ವಿಮಾನದ ಮುಖ ನೋಡುವುದೂ ಅಸಹ್ಯವಾಯಿತು. "ಅಳಿಸಾಕ್ಬುಡಿ ಅತ್ಲಾಗೆ, ಶನಿ ಬಿಟ್ಟಂಗಾಗುತ್ತೆ," ಎಂದಳು ಹೆಂಡತಿ ಪ್ರೇಮಲೀಲಾ. ಅಳಿಸಲು ಕೂತ. ಮನೆ ಕೆಡವುವ ಮುಂಚೆ ದೇವರನ್ನು ಹೊರಗೆ ತರಬೇಕಲ್ಲವೇ? ಕೈಮುಗಿದು ಮೊದಲು ಮಹದೇಶ್ವರನನ್ನು ತೆಗೆದ. ಕಡೆಯ ಸಲ ಎಂದು ಆಟ ತೆರೆದ.

ವಿಮಾನ ರನ್‌ವೇ ಮೇಲೆ ನಿಂತಿತ್ತು. ಹಾರಿತು ಕೂಡ. ಸುಂದರೇಶನ ಮೊದಲ ರೆಕ್ಕೆಯನ್ನೇ ತಂದು ಜೋಡಿಸಿದ. ಆಗಲೂ ಹಾರಿತು. ಸಿದ್ದಲಿಂಗನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಂಗಡಿ ಬಾಗಿಲು ಎಳೆದುಕೊಂಡು ಬನ್ನಿಮಂಟಪಕ್ಕೆ ಓಡಿದ.

"ರೆಕ್ಕೆ ಅಲ್ಲ ಕಣೋ, ದೇವ್ರ ಫೋಟೋ ಅಳತೆ ತಪ್ಪಿತ್ತು. ಕೈಮುಗಿದು ತೆಗೆದೆ ನೋಡು, ನಿನ್ ರೆಕ್ಕೆಲೇ ಹಾರ್ತು! ಬಾರೋ."

ಸುಂದರೇಶ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಾ ಎನ್ನಲಿಲ್ಲ.

"ಫೋಟೋ ತೆಗೆಯೋಕೆ ಕೈಮುಗಿದೆ. ನನ್ನ ತೆಗೆದಾಕ್ದಾಗ ಏನಂದೆ, ಗ್ಯಾಪ್ಕ ಐತಾ?"

ಸಿದ್ದಲಿಂಗನಿಗೆ ಒಂದೊಂದು ಮಾತೂ ಜ್ಞಾಪಕವಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಸುಂದರೇಶ ಬಾಗಿಲು ಹಾಕಿಕೊಂಡ.