ಹೊಸ್ತಿಲಿನ ಒದ್ದೆ ಬೈರಾಸು

ಮೈ ಒರೆಸುವ ಒದ್ದೆ ಬೈರಾಸಿಗೆ ಧೂಳು ಹತ್ತಿದಾಗ ಒಂದು ವಾಸನೆ ಬರುತ್ತದೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಲ್ಲ ಅದು. ಹಳೆಯ ಹತ್ತಿ, ಬಾರ್ ಸೋಪು, ಕಲ್ಲಿನ ಪುಡಿ ಮೂರೂ ಸೇರಿದ ಒಂದು ಮಂದ ವಾಸನೆ. ಮಣಿಪಾಲದಲ್ಲಿ ನಾವಿರುವ ಕಟ್ಟಡದ ಪಕ್ಕದಲ್ಲೇ ಇನ್ನೊಂದು ಕಟ್ಟಡಕ್ಕೆ ಗುಡ್ಡ ಅಗೆಯುತ್ತಿದ್ದಾರೆ. ಮೊನ್ನೆ ಗಾಳಿ ಎದ್ದಾಗ ಬಾಗಿಲಿನ ಸಂದಿಗೆ ಒಂದು ಬೈರಾಸು ನೆನೆಸಿ ತುರುಕಿದೆ. ಸಂಜೆ ಅದನ್ನು ಹಿಂಡುವಾಗ ಕಾಪುವಿನ ಅಜ್ಜಿಮನೆಯ ಚಾವಡಿ, ಅದರ ತಣ್ಣನೆಯ ಕಾವಿ ನೆಲ, ಮಣೆಯ ಮೇಲೆ ಕುಳಿತು ಹೊಸ್ತಿಲಿಗೆ ಬೈರಾಸು ಒತ್ತುತ್ತಿದ್ದ ಸುಂದರ ಮಾವ, ಎಲ್ಲವೂ ಎದುರಿಗೆ ಬಂದವು. ಬಂದವು ಎಂದು ಬರೆಯುವಾಗಲೇ ಅನುಮಾನ. ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನ ಓದಿದವನಿಗೆ ಸಾಕ್ಷ್ಯವಿಲ್ಲದ್ದನ್ನು ನಂಬುವುದು ಕಷ್ಟ, ಅದು ತನ್ನದೇ ತಲೆಯೊಳಗಿನದಾದರೂ.

ಸುಂದರ ಮಾವ ಅಮ್ಮನ ತಮ್ಮ. ಎಪ್ಪತ್ತರ ದಶಕದ ಕೊನೆಗೆ ಕುವೈತಿಗೆ ಹೋಗಿ ಅಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ರಜೆ. ಬಂದಾಗಲೆಲ್ಲ ನನಗೂ ಅಕ್ಕನಿಗೂ ಅಲ್ಲಿನ ಧೂಳಿನ ಕಥೆ ಹೇಳುತ್ತಿದ್ದರು. ಮಧ್ಯಾಹ್ನವೇ ಆಕಾಶ ಅರಸಿನ ಕಲಸಿದ ಹಾಗೆ ಆಗುವುದು, ದೀಪ ಹಾಕಿದರೂ ಎದುರಿನವನ ಮುಖ ಕಾಣದಿರುವುದು, ಮುಚ್ಚಿಟ್ಟ ಅನ್ನದಲ್ಲೂ ಹಲ್ಲಿಗೆ ಮರಳು ಸಿಗುವುದು. "ಚಳಿಗಾಲದಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಅಲ್ಲಿ ಸ್ವಲ್ಪ ಹುಲ್ಲು ಹುಟ್ತದೆ. ಆ ವರ್ಷ ಬಚಾವ್. ಅದೂ ಬೀಳದಿದ್ದರೆ ಬೇಸಿಗೆ ಪೂರ್ತಿ ಧೂಳೇ," ಎನ್ನುತ್ತಿದ್ದರು. ಮುಂದೆ ನನ್ನ ಪಾಠಪುಸ್ತಕದಲ್ಲೂ ಇದೇ ಇತ್ತು. ಒಣಗಿದ ಸಡಿಲ ಮಣ್ಣು ಇರಬೇಕು, ಅದನ್ನು ಹಿಡಿದಿಡುವ ಬೇರು ಇರಬಾರದು, ಗಾಳಿ ಜೋರಾಗಿರಬೇಕು. ನಮ್ಮ ಕರಾವಳಿಯಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆ ನೆಲದ ಮೇಲೆ ಹುಲ್ಲು ಹೊದೆಸಿ ಹೋಗುತ್ತದೆ. ಮೇ ತಿಂಗಳಿನ ಹೊತ್ತಿಗೆ ಮಾತ್ರ ಅದೂ ಸುಟ್ಟುಹೋಗಿ ಕೆಂಪುಕಲ್ಲು ಕಡಿಯುವ ಕೋರೆಗಳ ಪುಡಿ, ಬೋಳು ಗದ್ದೆಗಳ ಮಣ್ಣು ಗಾಳಿಗೆ ಕಾದು ಕುಳಿತಿರುತ್ತವೆ. ಆದರೆ ನಮ್ಮಲ್ಲಿ ಆ ಗಾಳಿಯ ಬೆನ್ನಿಗೆ ಮಳೆಯೂ ಇರುತ್ತದೆ. ಮಾವನ ಗಾಳಿಯ ಬೆನ್ನಿಗೆ ಏನೂ ಇರಲಿಲ್ಲ.

ನಾನು ಹೇಳಹೊರಟ ದಿನ ಎಂಬತ್ತರ ದಶಕದ ಆರಂಭದ ಒಂದು ಮೇ ತಿಂಗಳಿನದು. ಮಾವನಿಗೆ ಮೂವತ್ತು ದಾಟಿತ್ತು. ರಜೆ ಮುಗಿಯುವುದರೊಳಗೆ ಮದುವೆ ಆಗಬೇಕು, ಇಲ್ಲವಾದರೆ ಇನ್ನೆರಡು ವರ್ಷ ಹೋಯಿತು ಎಂದು ಅಜ್ಜಿಗೆ ನಿದ್ದೆ ಇರಲಿಲ್ಲ. ಕಾರ್ಕಳದ ಒಂದು ಸಂಬಂಧ ಹತ್ತಿರ ಹತ್ತಿರ ಕೂಡಿಬಂದಿತ್ತು. ಮಾವ ಹುಡುಗಿಯನ್ನು ನೋಡಿ ಬಂದಿದ್ದರು. ಅಂದಿನಿಂದ ಊಟದ ಮಧ್ಯೆ ಸುಮ್ಮನೆ ನಗುತ್ತಿದ್ದರು. ಉಳಿದದ್ದು ಹುಡುಗಿಯ ಕಡೆಯವರು ಬಂದು ಮನೆ ನೋಡುವುದು. ಅವಳ ಸೋದರಮಾವ ಮತ್ತು ಚಿಕ್ಕಮ್ಮ ಉಡುಪಿಯಲ್ಲಿ ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತಾ ಮೂರು ಗಂಟೆಯ ಹೊತ್ತಿಗೆ ಬಂದರು.

ಅಮ್ಮ ಒಳಗೆ ಕಾಫಿ ಮಾಡುತ್ತಿದ್ದಳು. ಮೂಡು ದಿಕ್ಕಿನಲ್ಲಿ ಒಮ್ಮೆ ಗುಡುಗಿತು. ಅಜ್ಜಿ ಹಿಂಬಾಗಿಲಿನಿಂದ ಅಂಗಳಕ್ಕೆ ಹೋದಳು, ಅಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಅವಳು ಹೋದದ್ದನ್ನು ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಕೋರೆಯ ಕಡೆಯಿಂದ ಗಾಳಿ ಎದ್ದಿತು. ಕೆಂಪು ಧೂಳು ತೆಂಗಿನ ತಲೆಯ ಎತ್ತರಕ್ಕೆ ಗೋಡೆಯ ಹಾಗೆ ಬಂತು. ಮಾವ ತಟ್ಟನೆ ಎದ್ದರು. ಮುಂಬಾಗಿಲು, ಹಿಂಬಾಗಿಲು, ಕಿಟಕಿ, ಎಲ್ಲಕ್ಕೂ ಅಗುಳಿ ಹಾಕಿದರು. "ನೀರು ತನ್ನಿ, ಬೈರಾಸು ತನ್ನಿ!" ಎಂದು ನಮ್ಮಿಬ್ಬರನ್ನು ಓಡಿಸಿದರು. ಹೊಸ್ತಿಲುಗಳಿಗೆ ಒದ್ದೆ ಬೈರಾಸು ಒತ್ತಿ, ಅತಿಥಿಗಳ ಕೈಗೂ ಒಂದೊಂದು ಒದ್ದೆ ಬಟ್ಟೆ ಕೊಟ್ಟು, "ಮೂಗಿಗೆ ಹಿಡಿಯಿರಿ. ಹೆದರಬೇಡಿ, ಇನ್ನು ಮೂರು ಗಂಟೆ ಹೊತ್ತಿನೊಳಗೆ ನಿಲ್ಲುತ್ತದೆ," ಎಂದರು.

"ಎಂತ ಮೂರು ಗಂಟೆ ಮಾರಾಯ್ರೆ?" ಸೋದರಮಾವ ಬಟ್ಟೆಯೊಳಗಿನಿಂದಲೇ ಕೇಳಿದರು. "ನಮ್ಮ ಕಾರ್ಕಳದಲ್ಲಿ ಗಾಳಿ ಬಂದರೆ ಬಾಗಿಲು ತೆಗೆಯುವುದು. ಸೆಕೆಗೆ ಜೀವ ಹೋಗ್ತಾ ಉಂಟು."

ಅವರು ಹೇಳಿ ಮುಗಿಸುವ ಮೊದಲೇ ಹಂಚಿನ ಮೇಲೆ ಮಳೆ ಬಿತ್ತು. ಹನಿಯಾಗಿ ಅಲ್ಲ, ಹೊಯಿಗೆ ಮರಳು ಸುರಿದ ಹಾಗೆ. ಆ ಸದ್ದಿನ ನಡುವೆ ಹಿಂಬಾಗಿಲು ಬಡಿಯುವ ಸದ್ದು ಕೇಳಿಸಿತು, ಯಾವಾಗಿನಿಂದ ಬಡಿಯುತ್ತಿದ್ದಳೋ. ಅಮ್ಮ ಓಡಿಹೋಗಿ ಅಗುಳಿ ತೆಗೆದಳು. ಅಜ್ಜಿ ಸುತ್ತಿದ ಚಾಪೆಯನ್ನು ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ಮುಖದ ತುಂಬ ಕೆಂಪು ಧೂಳು, ಅದರ ಮೇಲೆ ಮಳೆ ಇಳಿದ ಗೆರೆಗಳು. "ಏ ಸುಂದರ, ನಿನ್ನ ಮರುಭೂಮಿಯನ್ನು ಇಲ್ಲಿಗೂ ತಂದೆಯಾ? ಹಪ್ಪಳ ಎಲ್ಲ ಹಿಟ್ಟಾಯಿತಲ್ಲ!" ಎಂದು ನಕ್ಕಳು. ಅತಿಥಿಗಳು ನಗಲಿಲ್ಲ. ಚಿಕ್ಕಮ್ಮ ಬಟ್ಟೆಯನ್ನು ಮಡಚಿ ಮಣೆಯ ಮೇಲಿಟ್ಟರು. ಹೊರಡುವಾಗ ಅಮ್ಮನೊಬ್ಬಳಿಗೇ ಕೇಳುವಂತೆ, "ಹೆತ್ತವಳನ್ನು ಹೊರಗೆ ಬಿಟ್ಟು ಬಾಗಿಲು ಹಾಕುವವರ ಮನೆಗೆ ನಮ್ಮ ಹುಡುಗಿಯನ್ನು ಹೇಗೆ ಕೊಡುವುದು, ಹೇಳಿ?" ಎಂದರಂತೆ. ಅಮ್ಮ ಎಷ್ಟು ವಿವರಿಸಿದರೂ ಆಗಲಿಲ್ಲ. "ಅಮ್ಮ ಒಳಗೇ ಇದ್ದಾಳೆ ಅಂತ ಎಣಿಸಿದ್ದು," ಎಂದು ಮಾವ ಆ ವಾರವಿಡೀ ಯಾರು ಕೇಳಿದರೂ ಕೇಳದಿದ್ದರೂ ಹೇಳುತ್ತಿದ್ದರು. ರಜೆ ಮುಗಿಯಿತು, ಒಬ್ಬರೇ ಹೋದರು. ಆಮೇಲೆ ಸಂಬಂಧಗಳು ಬಂದಾಗ ಅವರೇ ಬೇಡವೆಂದರು.

ಈ ದಿನವನ್ನು ನೆನೆದಾಗಲೆಲ್ಲ ನನಗೆ ಆಕಾಶ ಹಳದಿಯಾಗಿಯೇ ಕಾಣುತ್ತದೆ. ಅದು ಸಾಧ್ಯವಿಲ್ಲ. ಘಟ್ಟದ ಕಡೆಯಿಂದ ಬರುವ ಮೇ ತಿಂಗಳ ಮೋಡ ಕಪ್ಪು. ನಮ್ಮ ಧೂಳು ಕೆಂಪು. ಉಡುಪಿಯ ಕಡಿಯಾಳಿಯಲ್ಲಿರುವ ಅಕ್ಕನನ್ನು ಕೇಳಿದರೆ, "ಎಂತ ಹಳದಿ? ಕಾಡಿಗೆಯಷ್ಟು ಕಪ್ಪಿತ್ತು. ನಿಂಗೆ ಮಾವನ ಕುವೈತಿನ ಆಕಾಶ ಬೆರಕೆಯಾಗಿದೆ," ಎಂದಳು. ಇರಬೇಕು. ಹಾಗಾದರೆ ಉಳಿದದ್ದರಲ್ಲಿ ಎಷ್ಟು ನನ್ನದು ಎಂದು ಕೇಳಿಕೊಳ್ಳುತ್ತೇನೆ. ಅಂದು ನಾವು ಮಾತಾಡಿದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ; ಅಷ್ಟಕ್ಕೇ ಏನೋ ಜಾರಿಹೋಗಿರುತ್ತದೆ.

ಅಕ್ಕ, ನಾನು ಇಬ್ಬರೂ ಒಪ್ಪುವುದು ಅದಾಗಿ ಎಷ್ಟೋ ವರ್ಷಗಳ ನಂತರದ ಇನ್ನೊಂದು ಮೇ ತಿಂಗಳನ್ನು. ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು. ಮಾವ ಕೆಮ್ಮು ಹಿಡಿಸಿಕೊಂಡು ಊರಿಗೇ ಬಂದುಬಿಟ್ಟಿದ್ದರು. ಆ ವರ್ಷ ಮಳೆ ತಡವಾಯಿತು. ಗುಡುಗೂ ಇಲ್ಲದೆ ದಿನ ಬಿಟ್ಟು ದಿನ ಧೂಳಿನ ಗಾಳಿ ಏಳುತ್ತಿತ್ತು. ಒಂದು ಮಧ್ಯಾಹ್ನ ಅಮ್ಮ ತಾನೇ ಬೈರಾಸು ನೆನೆಸಿ ತಂದು, "ತಮ್ಮಾ, ಬಾಗಿಲು ಹಾಕು. ನಿನ್ನ ಎದೆಗೆ ಆಗುವುದಿಲ್ಲ," ಎಂದಳು. ಮಾವ ಬೈರಾಸನ್ನು ತೆಗೆದುಕೊಂಡರು. ಬಾಗಿಲು ಹಾಕಲಿಲ್ಲ. ಹಿಂಬಾಗಿಲನ್ನೂ ಹೋಗಿ ತೆರೆದು, ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಚಾವಡಿಯ ಮಣೆಗೆ ಬಂದು ಕುಳಿತರು. "ಮಳೆ ಬರಬಹುದು ಅಕ್ಕ, ನೋಡುವ," ಎಂದರು. ಧೂಳು ಒಳಗೆ ಬಂದು ಕಾವಿ ನೆಲದ ಮೇಲೆ, ನಮ್ಮ ಕೂದಲಿನ ಮೇಲೆ, ಗೋಡೆಯಲ್ಲಿದ್ದ ಅಜ್ಜಿಯ ಫೋಟೋದ ಮೇಲೆ ಕುಳಿತಿತು. ಮಾವ ಕೆಮ್ಮುತ್ತಾ ಕಾದರು. ಮಳೆ ಬರಲಿಲ್ಲ.

ಈಗ ಮಾವನೂ ಇಲ್ಲ, ಅಮ್ಮನೂ ಇಲ್ಲ. ಹೆದ್ದಾರಿ ಅಗಲವಾದಾಗ ಆ ಮನೆಯೂ ಹೋಯಿತು. ಹಿಂಬಾಗಿಲಿದ್ದ ಜಾಗದಲ್ಲಿ ಬಸ್ಸುಗಳು ಓಡುತ್ತವೆ. ಆ ಮಧ್ಯಾಹ್ನ ಗಾಳಿ ನಿಂತ ಮೇಲೆ ಮಾವ ಎದ್ದು ಫೋಟೋ ಇಳಿಸಿ, ಒದ್ದೆ ಬೈರಾಸಿನಿಂದ ಅಜ್ಜಿಯ ಮುಖವನ್ನು ಒರೆಸಿದರು. ಗಾಜಿನ ಮೇಲೆ ಕೆಂಪು ಗೆರೆಗಳು ಇಳಿದವು. ಅವುಗಳನ್ನೂ ಒರೆಸಿದರು. ಇದೊಂದನ್ನು ನಾನು ಅಕ್ಕನ ಹತ್ತಿರ ಕೇಳಲು ಹೋಗಿಲ್ಲ.